ನಲವತ್ತೆರಡನೇ ತುಂಡು

ನವೆಂಬರ್ ನಡುವಿಗೆ ಚಳಿ ಕಚ್ಚತೊಡಗಿತೆಂದರೆ ಸಾವಾ ನದಿಯ ಬಯಲಿನ ಆ ಊರಿನಲ್ಲಿ ಹಂದಿಗಳಿಗೆಷ್ಟು ಕಷ್ಟಕಾಲವೋ ಪಶುರೋಗ ಪ್ರಯೋಗಾಲಯದವರಿಗೂ ಅಷ್ಟೇ ಕಷ್ಟಕಾಲ. ಮನೆಮನೆಯಲ್ಲೂ ಹಂದಿ ಕಡಿಯುತ್ತಾರೆ. ಕಡಿದವರು ಕೈ ತೊಳೆದದ್ದೇ ತಡ, ಹಂದಿಯ ವಪೆಯಿಂದ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಮಾಂಸದ ಪರದೆಯಿಂದ, ಒಂದು ತುಂಡು ಕತ್ತರಿಸಿಕೊಂಡು ಪ್ರಯೋಗಾಲಯದ ಕಿಟಕಿಗೆ ಓಡಿಬರುತ್ತಾರೆ. ಮೊಸರಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಮಗುವಿನ ಊಟದ ಡಬ್ಬಿ, ಕೈಗೆ ಸಿಕ್ಕಿದ್ದರಲ್ಲಿ ತರುತ್ತಾರೆ. ಒಬ್ಬ ಪುಣ್ಯಾತ್ಮನಂತೂ ಒಮ್ಮೆ ತನ್ನ ಕೈಗವಸಿನೊಳಗೇ ತಂದಿದ್ದ. ಆ ತುಂಡಿನಲ್ಲಿ ಸುರುಳಿಹುಳುವಿನ ಮರಿ ಇಲ್ಲ ಎಂಬ ಚೀಟಿ ಸಿಗುವ ತನಕ ಮಾಂಸವನ್ನು ಬಾಯಿಗಿಡುವಂತಿಲ್ಲ. ಇಡುವಂತಿಲ್ಲ ಎಂಬುದು ಕಾನೂನು. ಯಾರೂ ಇಡುವುದಿಲ್ಲವೆಂದು ಆಣೆ ಮಾಡುವವರು ಮಾತ್ರ ಆ ಊರಿನಲ್ಲಿ ಯಾರೂ ಇಲ್ಲ.

ಹುಳು ಸಣ್ಣದು, ಅದರ ಕೆಲಸ ದೊಡ್ಡದು. ಹಸಿ ಮಾಂಸದ ಜೊತೆ ಹೊಟ್ಟೆಗಿಳಿದರೆ ಅದರ ಮರಿಗಳು ತಿಂದವನ ಸ್ನಾಯುಗಳಲ್ಲೇ ಮನೆ ಕಟ್ಟುತ್ತವೆ. ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ, ಚಮಚ ಎತ್ತಲೂ ಕೈ ನೋಯುತ್ತದೆ. ಗಟ್ಟಿಗರು ಬದುಕುತ್ತಾರೆ. ಎಲ್ಲರೂ ಗಟ್ಟಿಗರಾಗಿರುವುದಿಲ್ಲ.

ಕಿಟಕಿಯ ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು ದೆಸಾಂಕಾ. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ. ಅದರ ಮೇಲಿನ ದಿಂಬು ಮಾತ್ರ ನಾಲ್ಕು ಸಲ ಬದಲಾಗಿದೆ. ಬಂದ ತುಂಡಿನಿಂದ ಗೋಧಿಕಾಳಿನಷ್ಟರ ಇಪ್ಪತ್ತೆಂಟು ಚೂರು ಕತ್ತರಿಸಿ, ದಪ್ಪ ಗಾಜಿನ ಎರಡು ಪಟ್ಟಿಗಳ ನಡುವೆ ಸಾಲಾಗಿಟ್ಟು, ಮಾಂಸದ ಮೂಲಕ ಪತ್ರಿಕೆಯ ಅಕ್ಷರ ಓದಬಹುದೆನ್ನುವಷ್ಟು ತೆಳ್ಳಗಾಗುವವರೆಗೆ ತಿರುಪು ಬಿಗಿಯುತ್ತಾಳೆ. ಆಮೇಲೆ ಒಂದೊಂದೇ ಚೂರನ್ನು ನೋಡುತ್ತಾಳೆ. ಆತುರವಿಲ್ಲ, ಮಾತಿಲ್ಲ. ಊರಿನಲ್ಲಿ ಯಾರೂ ಪ್ರಯೋಗಾಲಯದ ಚೀಟಿ ಬಂತೇ ಎಂದು ಕೇಳುವುದಿಲ್ಲ. "ದೆಸಾಂಕಾ ನೋಡಿದ್ಲಾ?" ಎಂದು ಕೇಳುತ್ತಾರೆ. ನೋಡಿದಳು ಎಂದರೆ ಮುಗಿಯಿತು, ಊರು ತಿನ್ನುತ್ತದೆ.

ಅವಳಿಗೆ ಕೆಲಸ ಕಲಿಸಿದ ಮುದುಕ ಸ್ರೆತೆನ್ ಒಂದು ಕಟ್ಟಳೆ ಮಾಡಿಟ್ಟಿದ್ದ. ಕಿಟಕಿಯಲ್ಲಿ ಕೂತವರು ಹೆಸರು ಬರೆದುಕೊಳ್ಳಬೇಕು, ತುಂಡನ್ನು ತಗಡಿನ ಬಟ್ಟಲಿಗೆ ಹಾಕಿ ನಂಬರು ಅಂಟಿಸಿ ಒಳಗೆ ಕಳಿಸಬೇಕು. ಒಳಗೆ ನೋಡುವವರಿಗೆ ನಂಬರು ಮಾತ್ರ, ಹೆಸರಿಲ್ಲ. "ಮೇಷ್ಟ್ರ ಹಂದಿ ಅಂತ ಗೊತ್ತಾದ್ರೆ ಕಣ್ಣು ನಮಸ್ಕಾರ ಮಾಡತ್ತೆ, ಶತ್ರು ಹಂದಿ ಅಂದ್ರೆ ಹುಡುಕತ್ತೆ. ಎರಡೂ ನೋಡೋದಲ್ಲ ಮಗಳೇ," ಎನ್ನುತ್ತಿದ್ದ. ಅವನಿಗೂ ಮೊದಲು ಆ ಕುರ್ಚಿಯಲ್ಲಿದ್ದವನು ಪರಿಚಯದ ಮನೆಯದೆಂದು ಮೇಲೆ ಮೇಲೆ ನೋಡಿ ಬಿಟ್ಟಿದ್ದರಿಂದ ಒಂದು ಮದುವೆಮನೆಯೇ ಹಾಸಿಗೆ ಹಿಡಿದಿತ್ತಂತೆ. ಮದುಮಗಳ ತಾಯಿ ಏಳಲೇ ಇಲ್ಲವಂತೆ. ಸ್ರೆತೆನ್ ಅದನ್ನು ಹೇಳುವಾಗ ಪ್ರತಿಸಲವೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ.

ಆ ಗುರುವಾರ ಬೆಳಿಗ್ಗೆ ಕಿಟಕಿಯ ಮುಂದೆ ಮೂವತ್ತು ಜನ. ಭಾನುವಾರ ದೇವದೂತ ಮಿಹಾಯಿಲನ ಹಬ್ಬ. ಊರಿನ ಕಾಲುಭಾಗದ ಮನೆಗಳಿಗೆ ಅವನೇ ಮನೆದೇವರು, ಅವನದೇ ಸ್ಲಾವಾ, ಅಂದರೆ ಮನೆದೇವರ ಹಬ್ಬ. ಅಂದು ಬಾಗಿಲು ತೆರೆದಿರುತ್ತದೆ, ಕರೆಯದೆಯೇ ಜನ ಬರುತ್ತಾರೆ, ಬಂದವರಿಗೆಲ್ಲ ಬಡಿಸಬೇಕು. ಹಾಗಾಗಿ ಎಲ್ಲರಿಗೂ ಅವತ್ತೇ ಚೀಟಿ ಬೇಕು. ಕಿಟಕಿಯಲ್ಲಿದ್ದ ಮಿಲಿಯಾನಾ ಇನ್ನೂ ಇಪ್ಪತ್ತಾರರ ಹುಡುಗಿ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳಿಗೂ ಸಾಕಾಗಿ ಹೋಗಿ, ತಗಡಿನ ಬಟ್ಟಲು ತೊಳೆಯಲು ಪುರಸೊತ್ತಿಲ್ಲದೆ, ಜನ ತಂದ ಡಬ್ಬಿ ಬಾಟಲಿಗಳ ಮೇಲೇ ನಂಬರು ಅಂಟಿಸಿ ಒಳಗೆ ತಳ್ಳತೊಡಗಿದಳು.

"ಇದೇನೇ ಹುಡುಗಿ, ಅಂಗಡಿನೇ ಒಳಗೆ ಬರ್ತಿದೆ?" ಎಂದಳು ದೆಸಾಂಕಾ.

"ಇವತ್ತೊಂದಿನ ಹೊಟ್ಟೆಗೆ ಹಾಕ್ಕೊಳ್ಳಿ ಅಕ್ಕಾ. ಹೊರಗಡೆ ನನ್ನನ್ನೇ ಕಡಿಯೋ ಹಾಗಿದ್ದಾರೆ."

ನಲವತ್ತೊಂದು ಮತ್ತು ನಲವತ್ತೆರಡು ಎರಡು ಗಾಜಿನ ಬಾಟಲಿಗಳಲ್ಲಿ ಬಂದವು. ಎರಡರ ಮುಚ್ಚಳದ ಮೇಲೂ ಕೆಂಪು ಚೌಕಳಿಯ ಬಟ್ಟೆ ಕಟ್ಟಿತ್ತು. ದೆಸಾಂಕಾಳ ಕೈ ನಿಂತಿತು. ಆ ಬಟ್ಟೆ ಅವಳ ಹಳೆಯ ಮೇಜುಹಾಸಿನದು. ಬೇಸಿಗೆಯಲ್ಲಿ ಪ್ಲಮ್ ಹಣ್ಣಿನ ಜಾಮ್ ಮಾಡಿ, ಅದನ್ನೇ ಕತ್ತರಿಸಿ ಮುಚ್ಚಳಕ್ಕೆ ಕಟ್ಟಿ, ರುಝಾಳಿಗೆ ಕೊಟ್ಟವಳು ಅವಳೇ. ರುಝಾ ಅಂದರೆ ತಿಹೊಮಿರನ ಹೆಂಡತಿ. ತಿಹೊಮಿರ್ ಅಂದರೆ ಅವಳ ಕೂಮ.

ಕೂಮ ಎಂದರೆ ಬರಿಯ ಸ್ನೇಹಿತನಲ್ಲ. ಮೂವತ್ತೈದು ವರ್ಷದ ಹಿಂದೆ ಅವಳ ಮದುವೆಗೆ ದೇವರೆದುರು ಸಾಕ್ಷಿಯಾಗಿ ನಿಂತವನು ಅವನು. ಅವಳ ಮಗನ ತಲೆಯ ಮೇಲೆ ಪವಿತ್ರ ನೀರು ಬಿದ್ದಾಗ ಮಗುವನ್ನು ಕೈಯಲ್ಲಿ ಹಿಡಿದಿದ್ದವನು ಅವನು. ಅವಳಿಗೆ ಅವನು ಕೂಮ, ಅವನಿಗೆ ಅವಳೂ ಕೂಮ. ಸ್ವರ್ಗದಲ್ಲಿ ದೇವರು, ಭೂಮಿಯ ಮೇಲೆ ಕೂಮ ಎನ್ನುತ್ತಾರೆ ಅಲ್ಲಿ. ರಕ್ತಸಂಬಂಧದ ಜೊತೆ ಜಗಳವಾಡಬಹುದು, ಕೂಮನ ಜೊತೆ ಆಡುವಂತಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಡ ವೊಯಿನ್ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿ ಸತ್ತಾಗ, ಮೂರು ವಾರವೂ ಆ ಕಾರಿಡಾರಿನಲ್ಲಿ ಕೂತಿದ್ದವನು ತಿಹೊಮಿರ್. ಅಂದಿನಿಂದ ಪ್ರತಿ ಅಕ್ಟೋಬರಿನಲ್ಲಿ ಅವಳ ಅಂಗಳಕ್ಕೆ ಸೌದೆ ತಂದು ಒಡೆದು ಜೋಡಿಸಿ ಹೋಗುವವನೂ ಅವನೇ, ಹೇಳಿಸಿಕೊಳ್ಳದೆ.

ಹೆಸರು ಗೊತ್ತಾಗಿಹೋಯಿತು. ಆ ಕ್ಷಣವೇ ಅವಳು ಬಾಟಲಿಗಳನ್ನೆತ್ತಿ ಪಕ್ಕದ ಕೋಣೆಯಲ್ಲಿದ್ದ ಪಶುವೈದ್ಯ ಡಾಕ್ಟರ್ ಒಗ್ನೆನ್‌ಗೆ ಕೊಡಬೇಕಿತ್ತು. ಕೊಡಲಿಲ್ಲ. ಸುಮ್ಮನೆ ಎರಡು ತುಂಡು, ಐದು ನಿಮಿಷದ ಕೆಲಸ ಎಂದುಕೊಂಡಳು. ತಪ್ಪುಗಳೆಲ್ಲ ಐದು ನಿಮಿಷದ ಕೆಲಸವಾಗಿಯೇ ಶುರುವಾಗುತ್ತವೆ.

ತುಂಡುಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟಳು. ಇಟ್ಟವಳು ಮತ್ತೆ ನೋಡಿದಳು. ಮೂವತ್ತೊಂದು ವರ್ಷ ವಪೆ ನೋಡಿದ ಕಣ್ಣು ಅದು. ನಲವತ್ತೊಂದರ ಅಂಚಿನಲ್ಲಿ ಒಂದು ಬಿಳಿಯ ನಾರು ಓರೆಯಾಗಿ ತುಂಡಾಗಿತ್ತು. ನಲವತ್ತೆರಡರ ಅಂಚಿನಲ್ಲಿ ಅದೇ ನಾರು, ಅದೇ ಓರೆ. ಚಿಮಟದಿಂದ ಎರಡನ್ನೂ ಹತ್ತಿರ ತಳ್ಳಿದಳು. ಹರಿದ ಬಟ್ಟೆಯ ಎರಡು ಭಾಗಗಳಂತೆ ಒಂದಕ್ಕೊಂದು ಕೂಡಿಕೊಂಡವು. ಎರಡು ಹಂದಿಯಲ್ಲ. ಒಂದೇ ಹಂದಿಯ ಒಂದೇ ತುಂಡನ್ನು ಎರಡು ಮಾಡಿ ಎರಡು ಬಾಟಲಿಗೆ ಹಾಕಿದ್ದಾನೆ ಕೂಮ.

ಇದೇನು ಹೊಸ ಆಟವಲ್ಲ. ಒಂದೇ ದೊಡ್ಡಿ, ಒಂದೇ ಗೊಂತು, ಒಂದೇ ಮುಸುರೆ, ಹಾಗಿದ್ದ ಮೇಲೆ ಎರಡೆರಡು ಯಾಕೆ ಎನ್ನುವವರು ಪ್ರತಿವರ್ಷ ಇರುತ್ತಾರೆ. ಆ ವಾರದಲ್ಲೇ ಅಂಥ ಮೂವರನ್ನು ಹಿಡಿದಿದ್ದಳು ದೆಸಾಂಕಾ. ಕಿಟಕಿಗೇ ಬಂದು, "ನಿನ್ನ ಹೆಂಡ್ತಿಗೆ ಜ್ವರ ಬಂದ್ರೆ ನೀನು ಮಾತ್ರೆ ನುಂಗ್ತೀಯೇನಯ್ಯಾ?" ಎಂದು ಮೂವತ್ತು ಜನರೆದುರು ಮಾನ ಹರಾಜು ಹಾಕಿ ಓಡಿಸಿದ್ದಳು. ಈಗ ಕಿಟಕಿಯಾಚೆ ತಿಹೊಮಿರನ ದೊಡ್ಡ ನಗು ಕೇಳುತ್ತಿತ್ತು. ಅವನು ಸಾಲಿನಲ್ಲಿದ್ದವರಿಗೆಲ್ಲ ಏನೋ ತಮಾಷೆ ಹೇಳುತ್ತಿದ್ದ. ಆ ನಗುವಿನ ಮೇಲೆ ಹೋಗಿ ನೀರು ಸುರಿಯಲು ಅವಳ ಕಾಲು ಏಳಲಿಲ್ಲ.

ಅವನ ದೊಡ್ಡಿ ಅವಳಿಗೆ ಗೊತ್ತು. ನೆಲಕ್ಕೆ ಸಿಮೆಂಟು, ಜೋಳದ ಮೇವು, ಇಲಿ ಬರದಂತೆ ತಂತಿ ಬಲೆ. ಇಪ್ಪತ್ತು ವರ್ಷದಲ್ಲಿ ಅವನ ಹಂದಿಯಲ್ಲಿ ಏನೂ ಸಿಕ್ಕಿಲ್ಲ. ಒಂದು ಶುದ್ಧವಾಗಿದ್ದರೆ ಇನ್ನೊಂದೂ ಶುದ್ಧವೇ. ಜನ ಕಿಟಕಿಯಲ್ಲಿ ಹೇಳುವ ಮಾತನ್ನೇ ಅವಳು ಒಳಗೆ ಕೂತು ತನಗೆ ತಾನೇ ಹೇಳಿಕೊಂಡಳು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದು ಹೀಗೆ.

ಎರಡು ತುಂಡಿನಿಂದಲೂ ಚೂರು ಕತ್ತರಿಸಿ ಐವತ್ತಾರು ಸಲ ಕಣ್ಣಿಟ್ಟು ನೋಡಿದಳು, ಬಹಳ ಶ್ರದ್ಧೆಯಿಂದಲೇ ನೋಡಿದಳು. ಪುಸ್ತಕದಲ್ಲಿ ನಲವತ್ತೊಂದರ ಮುಂದೆ "ಶುದ್ಧ" ಎಂದು ಬರೆದಳು. ನಲವತ್ತೆರಡರ ಮುಂದೆಯೂ "ಶುದ್ಧ" ಎಂದು ಬರೆದು ಸಹಿ ಮಾಡಿದಳು. ಸಹಿಯೇನೋ ಎಂದಿನಂತೆಯೇ ಬಂತು.

ಕಿಟಕಿಯಿಂದ ಕೂಗು ಬಂತು. "ಕೂಮಾ! ಭಾನ್ವಾರ ಬೇಗ ಬಾ, ಪಾದ್ರಿ ಬರೋದ್ರೊಳಗೆ! ಅವ್ರು ಬಂದ್ಮೇಲೆ ನಮ್ಗೇನೂ ಉಳಿಯಲ್ಲ!"

ಸಾಲು ಪೂರ್ತಿ ನಕ್ಕಿತು. ಒಳಗಿದ್ದ ಅವಳೂ ನಕ್ಕಳು.

ಶನಿವಾರ ಮಧ್ಯಾಹ್ನ ಪ್ರಯೋಗಾಲಯ ಮುಚ್ಚುವ ಹೊತ್ತು. ಇಬ್ಬರೂ ಗಾಜಿನ ಪಟ್ಟಿ ತೊಳೆಯುತ್ತಿದ್ದಾಗ ಮಿಲಿಯಾನಾ ಸುಮ್ಮನಿರಲಾರದೆ ಹೇಳಿದಳು: "ನಿಮ್ಮ ಕೂಮ ಭಾರೀ ಮನುಷ್ಯ ಅಕ್ಕಾ. ಅವತ್ತು ಸಾಲಲ್ಲಿ ನಿಂತ್ಕೊಂಡು ಎಲ್ರನ್ನೂ ನಗಿಸಿದ್ರು. ಅವ್ರ ಒಂದು ಹಂದಿ ಬೇಸಿಗೇಲೆ ಸತ್ತೋಯ್ತಂತೆ. ಸ್ಲಾವಾಗೆ ಸಾಲಲ್ಲ ಅಂತ ಚೇರ್ ಬೆಟ್ಟದ ಕಡೆಯಿಂದ ಒಂದು ಕೊಂಡ್ಕೊಂಡು ಬಂದ್ರಂತೆ. ಕರೀ ಕಿವೀದು. ಓಕ್ ಕಾಯಿ ತಿಂದು ಕಾಡಲ್ಲೇ ಓಡಾಡ್ಕೊಂಡು ಬೆಳೆದಿದ್ದಂತೆ. 'ನನ್ನ ಹೆಂಡ್ತಿಗಿಂತ ಜೋರಾಗಿ ಓಡತ್ತೆ' ಅಂದ್ರು..."

ಗಾಜಿನ ಪಟ್ಟಿ ದೆಸಾಂಕಾಳ ಕೈಯಿಂದ ತೊಟ್ಟಿಗೆ ಜಾರಿತು. ಒಡೆಯಲಿಲ್ಲ.

ಕಾಡಿನಲ್ಲಿ ಬೆಳೆದ ಹಂದಿ ಓಕ್ ಕಾಯಿಯೊಂದನ್ನೇ ತಿನ್ನುವುದಿಲ್ಲ. ಸತ್ತ ಇಲಿ, ಸತ್ತ ನರಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಸುರುಳಿಹುಳುವಿಗೆ ಅದೇ ಹೆದ್ದಾರಿ. ಒಂದೇ ದೊಡ್ಡಿ, ಒಂದೇ ಗೊಂತು ಎಂದು ತಾನು ಕಟ್ಟಿಕೊಂಡ ಗೋಡೆ ಒಂದೇ ಮಾತಿಗೆ ಬಿದ್ದುಹೋಯಿತು. ಆ ಎರಡನೇ ಹಂದಿಯನ್ನು ಯಾರೂ ನೋಡಿಲ್ಲ. ನೋಡಿದ್ದೇನೆಂದು ಸಹಿ ಮಾಡಿದವಳು ತಾನು.

ಮನೆಗೆ ಹೋದವಳೇ ಫೋನ್ ಮಾಡಿದಳು. ರುಝಾ ಎತ್ತಿಕೊಂಡಳು. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ. "ಅಯ್ಯೋ ನೀನೇ ಫೋನ್ ಮಾಡಿದ್ದು ಒಳ್ಳೇದಾಯ್ತು ಕಣೇ! ನಿನ್ನ ಆ ದೊಡ್ಡ ತಟ್ಟೆ ತಗೊಂಬಾ ನಾಳೆ. ಗೋಧಿ ಪ್ರಸಾದ ಮಾಡ್ತಿದೀನಿ, ಕೈ ಬಿಡುವಿಲ್ಲ. ಏನ್ ವಿಷಯ?"

"ಏನಿಲ್ಲ. ತಟ್ಟೆ ಬೇಕಾ ಅಂತ ಕೇಳೋಕೇ ಮಾಡಿದ್ದು," ಎಂದಳು ದೆಸಾಂಕಾ.

ಫೋನ್ ಇಟ್ಟ ಮೇಲೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಹೊಡೆದುಕೊಂಡಿದ್ದರೂ ಸರಿಯೇ ಇತ್ತು. ಡಾಕ್ಟರಿಗೆ ಹೇಳಿದರೆ ಚೀಟಿ ರದ್ದಾಗುತ್ತದೆ, ಹಬ್ಬದ ಮನೆಗೆ ಇನ್‌ಸ್ಪೆಕ್ಟರ್ ಹೋಗುತ್ತಾನೆ, ಮಾಂಸಕ್ಕೆ ಮುದ್ರೆ ಬೀಳುತ್ತದೆ. ಕೂಮನ ಮಾನ ಹೋಗುತ್ತದೆ. ಮಾರ್ಚ್‌ನಲ್ಲಿ ನಿವೃತ್ತಿಯಾಗಲಿರುವ ತನ್ನದೂ ಹೋಗುತ್ತದೆ. ಹೇಳದಿದ್ದರೆ ನಾಳೆ ನಲವತ್ತು ಜನ ಆ ಮೇಜಿಗೆ ಕೂರುತ್ತಾರೆ. ಎರಡು ದಿನ ಹೊಗೆ ಕಂಡ ಸಾಸೇಜ್ ಒಳಗೆ ಹಸಿಯೇ ಇರುತ್ತದೆ, ಅದು ಹಸಿಯಿದ್ದರೇ ಅವರಿಗೆ ರುಚಿ. ಕೊನೆಗೆ ತಾನೇ ಬೆಳಿಗ್ಗೆ ಹೋಗಿ, ಯಾರಿಗೂ ಗೊತ್ತಾಗದ ಹಾಗೆ ಕೂಮನೊಬ್ಬನಿಗೇ ಹೇಳಿ, ಆ ಹಂದಿಯ ಮಾಂಸವನ್ನು ಪಕ್ಕಕ್ಕಿಡಿಸುವುದೆಂದು ನಿರ್ಧರಿಸಿದಳು. ಆ ರಾತ್ರಿಯ ನಿದ್ದೆಯ ಬಗ್ಗೆ ಹೇಳುವುದಕ್ಕೇನೂ ಇಲ್ಲ, ನಿದ್ದೆ ಬಂದಿದ್ದರಲ್ಲವೇ.

ಭಾನುವಾರ ಹತ್ತು ಗಂಟೆಗೆ ದೊಡ್ಡ ತಟ್ಟೆ ಹಿಡಿದುಕೊಂಡು ಹೋದಾಗ ಮನೆಯಲ್ಲಿ ಆಗಲೇ ಹದಿನೈದು ಜನ. ಮೇಜಿನ ಮೇಲೆ ಎತ್ತರದ ಮೇಣದ ಬತ್ತಿ ಉರಿಯುತ್ತಿತ್ತು, ಪಕ್ಕದಲ್ಲಿ ಹಬ್ಬದ ರೊಟ್ಟಿ. ಪಾದ್ರಿಗಳು ಆಗಲೇ ಬಂದು ಗೋಡೆಯ ಪಕ್ಕದ ಒಳ್ಳೆಯ ಕುರ್ಚಿ ಹಿಡಿದಿದ್ದರು. ತಿಹೊಮಿರ್ ಹೊಸ ಅಂಗಿ ಹಾಕಿ ಬಂದವರ ಕೈಗೆ ಪುಟ್ಟ ಲೋಟದಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ ಕೊಡುತ್ತಿದ್ದ. ಸ್ಲಾವಾದ ದಿನ ಮನೆಯ ಯಜಮಾನ ಕೂರುವಂತಿಲ್ಲ, ನಿಂತೇ ಉಪಚರಿಸಬೇಕು.

ಅವಳು ಅವನ ತೋಳು ಹಿಡಿದು ಉಗ್ರಾಣಕ್ಕೆ ಕರೆದೊಯ್ದಳು. ಮೇಲೆ ಸಾಲಾಗಿ ಸಾಸೇಜ್ ತೂಗುತ್ತಿತ್ತು. ಕೊಕ್ಕೆಯಲ್ಲಿ ಎರಡು ತಲೆ. ಒಂದು ಬಿಳಿ, ಇನ್ನೊಂದಕ್ಕೆ ಕರಿಯ ಕಿವಿ.

"ಕೂಮಾ, ಇದರ ವಪೆ ಎಲ್ಲಿ?" ಎಂದಳು, ಕರಿಯ ಕಿವಿಯನ್ನು ತೋರಿಸಿ.

ತಿಹೊಮಿರ್ ನಕ್ಕ. ನಗು ಅರ್ಧಕ್ಕೆ ನಿಂತಿತು. "ಅದೇ... ಕೊಟ್ಟಿದ್ನಲ್ಲ."

"ಕೊಟ್ಟಿದ್ದು ಒಂದೇ ಹಂದೀದು. ನನ್ನ ಹತ್ರ ಬೇಡ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕಡಿಯೋಕೆ ಬಂದಿದ್ದ ಆ ಪೆದ್ದ ಗೊತ್ತಾಗ್ದೆ ಅದನ್ನ ಖೀಮಾದ ಜೊತೆ ರುಬ್ಬಿಬಿಟ್ಟಿದ್ದ. ಮತ್ತೆ ಎಲ್ಲಿಂದ ತರ್ಲಿ? ಇದ್ದದ್ನೇ ಎರಡು ಮಾಡ್ದೆ."

"ವಪೆ ಹೋದ್ರೆ ನಾಲಿಗೆ ತಂದ್ರೂ ಆಗ್ತಿತ್ತು ಕಣಯ್ಯಾ! ಹಂದಿಗೆ ನಾಲಿಗೆ ಇತ್ತು, ನಿಂಗಿರ್ಲಿಲ್ವಾ ಒಂದು ಮಾತು ಕೇಳೋಕೆ?"

"ಅಷ್ಟು ಜನದ್ ಮುಂದೆ ಕೇಳಿ ನಿನ್ನ ಹತ್ರ ಬೈಸ್ಕೊಳ್ಳೋಕಾ? ಆ ಮೂವರ್ಗೆ ಮಾಡಿದ್ದು ಊರೆಲ್ಲ ಗೊತ್ತು." ಆಮೇಲೆ ಅವನ ಮುಖ ಗೊಂದಲಕ್ಕೆ ಬಿತ್ತು. "ನಿಲ್ಲು. ನಿಂಗೆ ಯಾವಾಗ ಗೊತ್ತಾಯ್ತು?"

"ಗುರುವಾರ."

"ಸಹಿ ಮಾಡೋಕೆ ಮುಂಚೇನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಗೊತ್ತಿದ್ದೂ ಸಹಿ ಮಾಡಿದ್ಯಾ?" ಈಗ ಅವನ ದನಿಯಲ್ಲಿ ಕೋಪವೇ ಇತ್ತು. "ನಾನು ಕಳ್ಳತನ ಮಾಡ್ದೆ, ಒಪ್ಕೋತೀನಿ. ಆದ್ರೆ ಚೀಟಿ ಕೈಗೆ ಬಂದಾಗ ಏನಂದ್ಕೊಂಡೆ ಗೊತ್ತಾ? ದೆಸಾಂಕಾ ನೋಡಿದ್ದಾಳೆ, ತಪ್ಪಿದ್ರೆ ಅವಳ ಕಣ್ಣಿಗೆ ಬೀಳ್ತಿತ್ತು, ಅವಳೇ ಸರಿ ಅಂದ್ಮೇಲೆ ಇನ್ನೇನು ಅಂತ ನೆಮ್ಮದಿಯಾಗಿದ್ದೆ. ನಿನ್ನ ನಂಬಿ ತಿಂದೆ ಕಣೇ ನಾನು!"

ಕೇಳಿದರೆ ನಗು ಬರುವ ಮಾತು. ಸುಳ್ಳು ತುಂಡು ಕೊಟ್ಟವನೇ ಅದರಿಂದ ಬಂದ ಚೀಟಿಯನ್ನು ನಂಬಿದ್ದ. ಆದರೆ ದೆಸಾಂಕಾಳಿಗೆ ನಗು ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ತನ್ನ ಸಹಿಯ ಭಾರ ಎಷ್ಟೆಂದು ಅವಳಿಗೆ ಯಾರೂ ಹೀಗೆ ತೂಗಿ ತೋರಿಸಿರಲಿಲ್ಲ.

"ಸಾಸೇಜ್ ಮೇಜಿಗೆ ಹೋಗೋದು ಬೇಡ ಕೂಮಾ. ಬೇಯಿಸಿದ್ದು ಕೊಡು, ಕೋಳಿ ಕೊಡು. ನಾಲಿಗೆ ಕತ್ತರಿಸಿ ಕೊಡು, ಎರಡು ಗಂಟೇಲಿ ಹೇಳ್ತೀನಿ."

"ಸ್ಲಾವಾ ದಿನ ಸಾಸೇಜ್ ಇಲ್ಲ ಅಂದ್ರೆ ಯಾಕೆ ಅಂತ ಕೇಳಲ್ವಾ ಜನ? ನಾನು ಏನ್ ಹೇಳ್ಲಿ? ನಮ್ಮಪ್ಪನ ಕಾಲದಿಂದ ಈ ಬತ್ತಿ ಹಚ್ತಿದೀವಿ. ಅದು ಉರೀತಿರೋವಾಗ ನನ್ನ ಮನೇಲೇ ನನ್ನನ್ನ ಕಳ್ಳ ಮಾಡ್ತೀಯಾ?" ಅವನು ಅವಳತ್ತ ಬೆರಳು ಚಾಚಿದ. "ಜನದ್ ಮುಂದೆ ಬಾಯಿ ಬಿಟ್ರೆ, ಇವತ್ತಿಗೆ ನಾನು ನಿನ್ನ ಕೂಮ ಅಲ್ಲ. ಹೇಳ್ಬಿಟ್ಟಿದೀನಿ."

ಅಷ್ಟರಲ್ಲಿ ಉಗ್ರಾಣದ ಬಾಗಿಲಾಚೆ ರುಝಾ ಹಾದುಹೋದಳು. ಎರಡು ಕೈಯಲ್ಲೂ ತಟ್ಟೆ. ತಟ್ಟೆಯ ತುಂಬ ತೆಳ್ಳಗೆ ಹೆಚ್ಚಿದ ಕೆಂಪು ಸಾಸೇಜ್.

ದೆಸಾಂಕಾ ಅವಳ ಹಿಂದೆಯೇ ಹೋದಳು. ಯೋಚಿಸಲಿಲ್ಲ, ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಪಾದ್ರಿಗಳು ಮೊದಲ ಹೋಳನ್ನು ಫೋರ್ಕಿಗೆ ಚುಚ್ಚಿ ಎತ್ತಿದ್ದರು.

"ತಿನ್ಬೇಡಿ!" ಎಂದಳು. ತನ್ನ ದನಿ ಇಷ್ಟು ಜೋರಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಯಾರೂ ತಿನ್ಬೇಡಿ. ಆ ಚೀಟಿ ಸರಿ ಇಲ್ಲ. ಈ ಮನೆಯ ಒಂದು ಹಂದೀನ ನಾನು ನೋಡೇ ಇಲ್ಲ. ನೋಡ್ದೆ ಸಹಿ ಮಾಡ್ಬಿಟ್ಟೆ. ತಪ್ಪು ನಂದು."

ಪಾದ್ರಿಗಳು ಫೋರ್ಕನ್ನು ಹಾಗೆಯೇ ತಟ್ಟೆಗಿಳಿಸಿ, ಬಾಯಿಗೆ ಹೋಗಿರಲಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಳ್ಳುವವರಂತೆ ತುಟಿ ಒರೆಸಿಕೊಂಡರು. ಮೂಲೆಯಲ್ಲಿ ಒಬ್ಬ ಮುದುಕ ಪಕ್ಕದವನಿಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು: "ಹಾಗಾದ್ರೆ ನಮ್ಮನೇದು ನೋಡಿದ್ಲಾ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಅಡಿಕೆಯಷ್ಟೇ ಇದ್ದ ಒಂದು ಮಾಂಸದ ತುಂಡಿಗೆ ಮೂವತ್ತೊಂದು ವರ್ಷದ ಮಾನ ಆ ಕೋಣೆಯಲ್ಲಿ ಹೋಯಿತು. ಅವಳು ನಿಂತೇ ಇದ್ದಳು.

ಬಾಗಿಲಲ್ಲಿ ತಿಹೊಮಿರ್ ನಿಂತಿದ್ದ. ಅವಳು ಅವನ ತುಂಡಿನ ಸುದ್ದಿ ಎತ್ತಲಿಲ್ಲವೆಂಬುದು ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನು ತಲೆ ತಗ್ಗಿಸಿದ. ಆಮೇಲೆ ಉಗ್ರಾಣಕ್ಕೆ ಹೋಗಿ, ಕರಿಯ ಕಿವಿಯ ಆ ತಲೆಯನ್ನು ಕೊಕ್ಕೆಯಿಂದ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು ಬಂದ.

"ರುಝಾ, ಚೀಸ್ ಹೆಚ್ಚು. ಕೋಳಿ ತೆಗಿ. ನಾನ್ ಬರ್ತೀನಿ," ಎಂದ. ದೆಸಾಂಕಾಳ ಮುಖ ನೋಡದೆಯೇ, "ನಡಿ," ಎಂದ.

ಡಾಕ್ಟರ್ ಒಗ್ನೆನ್ ಪ್ರಯೋಗಾಲಯದ ಎದುರಿನ ಬೀದಿಯಲ್ಲೇ ಮನೆ ಮಾಡಿಕೊಂಡಿದ್ದ. ಫೋನ್ ಮಾಡಿದ ಹತ್ತು ನಿಮಿಷಕ್ಕೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದ. ದೆಸಾಂಕಾ ನಡೆದದ್ದನ್ನೆಲ್ಲ ಹೇಳಿದಳು; ಎರಡು ತುಂಡು ಒಂದಕ್ಕೊಂದು ಕೂಡಿದ್ದು, ಗೊತ್ತಿದ್ದೂ ಬರೆದದ್ದು, ಮೂರು ದಿನ ಸುಮ್ಮನಿದ್ದದ್ದು.

"ಯಾರು ಕೊಟ್ಟಿದ್ದು ಅದು?" ಎಂದ ಡಾಕ್ಟರ್.

"ನಂಬರ್ ನಲವತ್ತೆರಡು."

ಅವನು ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತವನನ್ನು ಗಾಜಿನಿಂದ ನೋಡಿದ. ಮತ್ತೆ ಕೇಳಲಿಲ್ಲ. "ರದ್ದು ಪತ್ರ ಬರೀಬೇಕಾಗತ್ತೆ ಅಕ್ಕಾ. ನಿಮ್ಮ ಹೆಸ್ರು ಹಾಕ್ಬೇಕಾಗತ್ತೆ. ನಿವೃತ್ತಿಗೆ ನಾಲ್ಕು ತಿಂಗ್ಳಿದೆ."

"ಹಾಕಿ. ಸಹಿ ಮಾಡೋವಾಗ ಹೆಸ್ರಿತ್ತಲ್ಲ, ಈಗ್ಲೂ ಇರ್ಲಿ."

"ಸರಿ, ಕೂತ್ಕೊಳ್ಳಿ. ನಾಲಿಗೆ, ದವಡೆ ಎರಡೂ ತಗೊಂಡು ಕರಗಿಸಿ ನೋಡೋಣ. ಚೂರು ಒತ್ತಿ ನೋಡೋದಕ್ಕಿಂತ ಅದು ಖಚಿತ."

"ನಾನು ನೋಡಲ್ಲ ಡಾಕ್ಟ್ರೇ. ನಂಗೆ ಹೆಸ್ರು ಗೊತ್ತು."

ಮಾಂಸವನ್ನು ರುಬ್ಬಿ, ಬಿಸಿ ಆಮ್ಲದ ನೀರಿನಲ್ಲಿ ತಿರುಗಿಸಿ ಕರಗಿಸಿ, ಸೋಸಿ, ತಳಕ್ಕಿಳಿದದ್ದನ್ನು ನೋಡಲು ಒಂದೂವರೆ ಗಂಟೆ ಬೇಕು. ಆ ಒಂದೂವರೆ ಗಂಟೆ ದೆಸಾಂಕಾ ಹೊರಗಿನ ಬೆಂಚಿನ ಮೇಲೆ ಕೂತಳು. ಮೂವತ್ತೊಂದು ವರ್ಷ ಒಳಗೆ ಕೂತವಳಿಗೆ ಆ ಬೆಂಚು ಅಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ. ಮರದ ತುಂಬ ಕಾದವರು ಉಗುರಿನಿಂದ ಕೆರೆದ ಗೀರುಗಳಿದ್ದವು. ಒಳಗೆ ಆತುರವಿಲ್ಲದೆ ನೋಡುತ್ತಿದ್ದಾಗ ಹೊರಗೆ ಇಷ್ಟು ಕೆರೆದಿದ್ದಾರಲ್ಲ ಎಂದು ಅವಳಿಗೆ ಅಚ್ಚರಿಯಾಯಿತು.

ತಿಹೊಮಿರ್ ತನ್ನ ಬಲಗೈಯ ತೋರುಬೆರಳನ್ನು ನೋಡುತ್ತಾ ಹೇಳಿದ: "ಖೀಮಾಗೆ ಉಪ್ಪು ನೋಡೋದು ನಮ್ಮನೇಲಿ ನಾನೇ. ಗೊತ್ತಲ್ಲ ನಿಂಗೆ."

ಅವಳಿಗೆ ಗೊತ್ತಿತ್ತು. ಹಸಿ ಖೀಮಾವನ್ನು ಬೆರಳ ತುದಿಯಲ್ಲಿ ನಾಲಿಗೆಗಿಟ್ಟು ಉಪ್ಪು ಹೇಳುವವನು ಅವನೇ. ಸುತ್ತಲ ನಾಲ್ಕು ಮನೆಯವರೂ ಅದಕ್ಕೆಂದೇ ಅವನನ್ನು ಕರೆಯುತ್ತಿದ್ದರು.

"ಗುರುವಾರ ನೋಡ್ದೆ. ಚೀಟಿ ಬಂದ್ಮೇಲೇನೇ, ಆಣೆ. ಮೊಮ್ಮಗಳು ಡುನ್ಯಾ ಪಕ್ಕದಲ್ಲೇ ನಿಂತಿದ್ಲು. ಆರು ವರ್ಷ ಆಯ್ತು ಅವಳಿಗೆ. 'ತಾತಾ ನಂಗೆ, ತಾತಾ ನಂಗೆ' ಅಂದ್ಲು. ಕಲೀಲಿ, ನನ್ನ ನಂತ್ರ ಉಪ್ಪು ನೋಡೋಕೆ ಯಾರಾದ್ರೂ ಬೇಕಲ್ಲ ಅಂತ..." ಅವನು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಈ ಬೆರಳಲ್ಲೇ ಕೊಟ್ಟೆ ಕೂಮಾ. ಬೆಳಿಗ್ಗೆ ಏಳ್ತಾನೇ ಕಣ್ಣು ಉಜ್ಕೋತಿದ್ಲು. ನಿದ್ದೇಗೇ ಅಲ್ವಾ ಅದು? ನಿದ್ದೇಗೇ ತಾನೆ?"

"ಮೂರು ದಿನಕ್ಕೆ ಕಣ್ಣು ಊದಲ್ಲ. ಅದು ನಿದ್ದೇನೇ," ಎಂದಳು ದೆಸಾಂಕಾ. ಅದು ನಿಜವಾಗಿತ್ತು. ಎರಡನೇ ವಾರಕ್ಕೆ ಊದಬಹುದೆಂಬುದೂ ನಿಜವಾಗಿತ್ತು, ಅದನ್ನು ಅವಳು ಹೇಳಲಿಲ್ಲ. ತಾನು ಗುರುವಾರ ಎದ್ದು ಕಿಟಕಿಗೆ ಹೋಗಿ ಎಲ್ಲರೆದುರು ಬೈದಿದ್ದರೆ ಅವನು ಒಂದು ವಾರ ಮುನಿಸಿಕೊಂಡಿರುತ್ತಿದ್ದ. ಅಷ್ಟೇ ಆಗುತ್ತಿದ್ದದ್ದು.

ಬಾಗಿಲು ತೆರೆಯಿತು. ಇಬ್ಬರೂ ಎದ್ದು ನಿಂತರು.

"ಏನೂ ಇಲ್ಲ," ಎಂದ ಡಾಕ್ಟರ್. "ಎರಡು ಸಲ ನೋಡ್ದೆ. ಶುದ್ಧವಾಗಿದೆ."

ತಿಹೊಮಿರ್ ಮತ್ತೆ ಬೆಂಚಿನ ಮೇಲೆ ಕೂತ. ಟೊಪ್ಪಿಯನ್ನು ಮುಖಕ್ಕೊತ್ತಿಕೊಂಡು ಅತ್ತ, ಸದ್ದು ಮಾಡಿಯೇ ಅತ್ತ. ಎದ್ದಾಗ ಅವನ ಮುಖ ಗಟ್ಟಿಯಾಗಿತ್ತು. "ಏನೂ ಇಲ್ದಿದ್ದಕ್ಕೆ ಇಷ್ಟೆಲ್ಲ ಆಯ್ತು," ಎಂದ. ಯಾರಿಗೆ ಹೇಳಿದನೋ, ಅವಳಿಗೋ ತನಗೋ. ಖಾಲಿ ಚೀಲ ಮಡಚಿಕೊಂಡು ಹೊರಟ. ಊಟಕ್ಕೆ ಬಾ ಎಂದು ಕರೆಯಲಿಲ್ಲ. ಮೂವತ್ತೈದು ವರ್ಷದಲ್ಲಿ ಅವನ ಮನೆಯ ಸ್ಲಾವಾ ಊಟ ಅವಳಿಗೆ ತಪ್ಪಿದ್ದು ಅದೇ ಮೊದಲು.

ಅವಳು ಒಳಗೆ ಹೋಗಿ ಪುಸ್ತಕ ತೆಗೆದಳು. ಅಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಕೆಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. ನಲವತ್ತೆರಡರ 'ಶುದ್ಧ' ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದಳು: "ಈ ಹಂದಿಯನ್ನು ನೋಡಿಲ್ಲ. ಗೊತ್ತಿದ್ದೂ ಸಹಿ ಮಾಡಿದೆ." ತಾರೀಖು ಹಾಕಿ ಸಹಿ ಮಾಡಿದಳು. ಆ ಹಂದಿ ಶುದ್ಧವಾಗಿತ್ತೆಂಬುದರಿಂದ ಆ ಸಾಲಿನಲ್ಲಿ ಒಂದಕ್ಷರವೂ ಬದಲಾಗುವಂತಿರಲಿಲ್ಲ.

ಮುಂದಿನ ವಾರಗಳಲ್ಲಿ ಕಿಟಕಿಗೆ ಬಂದವರು ಹೊಸದೊಂದು ಪ್ರಶ್ನೆ ಕಲಿತಿದ್ದರು. "ಡಾಕ್ಟ್ರು ನೋಡಿದ್ರಾ, ಅವಳು ನೋಡಿದ್ಲಾ?" ಮಿಲಿಯಾನಾ ಬೈದು ಕಳಿಸುತ್ತಿದ್ದಳು. ಒಳಗಿದ್ದ ದೆಸಾಂಕಾಳಿಗೆ ಎಲ್ಲ ಕೇಳಿಸುತ್ತಿತ್ತು. ಕೇಳಲಿ, ಕೇಳಬೇಕಾದದ್ದೇ ಎಂದುಕೊಂಡು ತಿರುಪು ಬಿಗಿಯುತ್ತಿದ್ದಳು. ಬಟ್ಟಲುಗಳು ಮತ್ತೆ ತಗಡಿನವಾಗಿದ್ದವು. ಆದರೂ ಅವಳಿಗೆ ನೋವಾಗುತ್ತಿತ್ತು, ದಿನವೂ ಆಗುತ್ತಿತ್ತು. ಡುನ್ಯಾಳನ್ನು ಶಾಲೆಯ ದಾರಿಯಲ್ಲಿ ಕಂಡಾಗಲೆಲ್ಲ ಅವಳ ಕಣ್ಣು ಆ ಮಗುವಿನ ರೆಪ್ಪೆಯ ಮೇಲೆಯೇ ಹೋಗುತ್ತಿತ್ತು.

ಡಿಸೆಂಬರಿನ ಕೊನೆಯ ವಾರ, ಜನವರಿ ಏಳರಂದು ಬರುವ ಅಲ್ಲಿನ ಕ್ರಿಸ್‌ಮಸ್‌ಗೆಂದು ಮತ್ತೆ ಹಂದಿ ಕಡಿಯುವ ಕಾಲ. ಸಾಲು ಉದ್ದವಿತ್ತು. ಕಿಟಕಿಯಲ್ಲಿ ಏನೋ ಭಾರದ್ದು ಧೊಪ್ಪೆಂದು ಬಿತ್ತು.

"ಅಯ್ಯಯ್ಯೋ, ಇದೇನ್ ತಂದಿದೀರಾ!" ಎಂದಳು ಮಿಲಿಯಾನಾ.

"ಇಡೀ ವಪೆ. ಕತ್ತರಿಸಿಲ್ಲ, ಹಂಗೇ ಇದೆ. ನಾಲಿಗೇನೂ ಇದೆ, ಬೇಕಾದ್ರೆ. ಎಲ್ಲಿ ಬೇಕೋ ಅಲ್ಲಿ ನೀವೇ ಕತ್ತರಿಸ್ಕೊಳ್ಳಿ."

"ಇಷ್ಟು ಯಾಕ್ ಬೇಕು! ಸರಿ, ಹೆಸ್ರು ಹೇ..."

"ಶ್!" ಎಂದಿತು ಆ ದೊಡ್ಡ ದನಿ. ಪಿಸುಗುಟ್ಟಲು ಪಾಪ ಬಹಳ ಕಷ್ಟಪಡುತ್ತಿತ್ತು; ಆದರೆ ಹುಟ್ಟಿನಿಂದ ಕೂಗಿ ಅಭ್ಯಾಸವಾದ ಗಂಟಲು, ಕೋಣೆಗೆಲ್ಲ ಕೇಳಿಸಿತು. "ಜೋರಾಗಿ ಹೇಳ್ಬೇಡಮ್ಮಾ. ಕಾಗದದ ಮೇಲೆ ಬರ್ದು ಕೊಡ್ತೀನಿ. ಒಳಗೆ ಅವಳಿಗೆ ಗೊತ್ತಾಗ್ಬಾರ್ದು. ಅವಳೇ ನೋಡ್ಲಿ."

ತಗಡಿನ ಬಟ್ಟಲು ಒಳಗೆ ಬಂತು. ಹದಿನೇಳನೇ ನಂಬರು.

ದೆಸಾಂಕಾ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಕಣ್ಣು ಮಂಜಾಗಿತ್ತು, ಆ ಕಣ್ಣಿನಲ್ಲಿ ಹೇಗೂ ಏನೂ ಕಾಣುತ್ತಿರಲಿಲ್ಲ. ಆಮೇಲೆ ಎದ್ದು ಪಕ್ಕದ ಕೋಣೆಗೆ ಹೋಗಿ ಬಟ್ಟಲನ್ನು ಡಾಕ್ಟರನ ಮೇಜಿನ ಮೇಲಿಟ್ಟಳು.

"ಇದನ್ನ ನೀವು ನೋಡಿ ಡಾಕ್ಟ್ರೇ. ನಂಗೆ ಹೆಸ್ರು ಗೊತ್ತು."